ನೋಡಿದಿರೋ, ಓದಿದಿರೋ?

ನಿವೃತ್ತನಾಗಿ ಹಲವು ವರ್ಷಗಳು ಕಳೆದರೂ ಪರೀಕ್ಷಾ ಕೊಠಡಿಯ ಒಂದು ಪ್ರಸಂಗ ಇಂದಿಗೂ ನನ್ನನ್ನು ಕಾಡುತ್ತದೆ. ಅದನ್ನು ಈ ಪುಟದಲ್ಲಿ ಇದುವರೆಗೆ ಬರೆದಿರಲಿಲ್ಲ, ಬರೆಯಲು ಸಂಕೋಚವಿತ್ತು. ಇಂದು ಬರೆಯುವುದಕ್ಕೆ ಕಾರಣವಿದೆ.

1986ರ ಅರೆವಾರ್ಷಿಕ ಪರೀಕ್ಷೆ, ಒಂಬತ್ತನೆಯ ತರಗತಿಯ ಗಣಿತದ ಪತ್ರಿಕೆ. ನಾನೇ ಕೊಠಡಿಯ ಮೇಲ್ವಿಚಾರಕ. ಕೊನೆಯ ಸಾಲಿನ ಹುಡುಗನೊಬ್ಬ ಐದು ನಿಮಿಷಕ್ಕೊಮ್ಮೆ ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ಹತ್ತಿರ ಹೋಗಿ ಜೇಬಿಗೆ ಕೈಹಾಕಿದೆ. ನಾಲ್ಕಾಗಿ ಮಡಿಸಿದ ಚೀಟಿ ಸಿಕ್ಕಿತು. ಅಂಚಿನಲ್ಲಿ ಅಂಕಿಗಳು ಕಾಣುತ್ತಿದ್ದವು. ನನಗೆ ಅಷ್ಟೇ ಸಾಕಾಯಿತು. ಉತ್ತರಪತ್ರಿಕೆಯನ್ನು ಕಿತ್ತುಕೊಂಡು, ಪಕ್ಕದ ಕೊಠಡಿಯವರಿಗೆ ಇತ್ತ ಗಮನವಿಡಲು ಹೇಳಿ, ಎಲ್ಲರೂ ನೋಡುತ್ತಿರುವಂತೆಯೇ ಅವನನ್ನು ಮುಖ್ಯೋಪಾಧ್ಯಾಯರ ಬಳಿಗೆ ಕರೆದೊಯ್ದೆ. ಹುಡುಗ ಏನೋ ಹೇಳಲು ಬಾಯಿ ತೆರೆದ. "ಮಾತಾಡಬೇಡ" ಎಂದೆ.

ಮುಖ್ಯೋಪಾಧ್ಯಾಯರು ಚೀಟಿಯನ್ನು ಬಿಡಿಸಿದರು. ಒಳಗಿನಿಂದ ಹತ್ತು ರೂಪಾಯಿಯ ಎರಡು ನೋಟುಗಳು ಮೇಜಿನ ಮೇಲೆ ಬಿದ್ದವು. ಚೀಟಿಯಲ್ಲಿ ಬರೆದಿದ್ದದ್ದು ಇಷ್ಟೇ: ಸೀಮೆಎಣ್ಣೆ 3 ಲೀಟರು, ಸಕ್ಕರೆ 2 ಕೆ.ಜಿ. ಪರೀಕ್ಷೆ ಮುಗಿಸಿ ರೇಷನ್ ತರಲು ತಾಯಿ ಕೊಟ್ಟ ಹಣ. ಅದು ಕಳೆದುಹೋದೀತೆಂಬ ಹೆದರಿಕೆಯಿಂದ ಹುಡುಗ ಜೇಬನ್ನು ಮುಟ್ಟುತ್ತಿದ್ದ.

"ನೀವು ಈ ಚೀಟಿಯನ್ನು ಓದಿದಿರಾ, ಮೇಷ್ಟ್ರೇ?" ಎಂದು ಕೇಳಿದರು.

"ಅಂಕಿಗಳನ್ನು ನೋಡಿದೆ ಸಾರ್."

"ನೋಡಿದ್ದು ಸರಿ. ಓದಿದಿರಾ?"

ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನಿಗೆ ಕಳೆದುಹೋದ ಸಮಯವನ್ನು ಕೊಟ್ಟು ಪರೀಕ್ಷೆ ಬರೆಸಿದೆವು. ಮರುದಿನ ಇಡೀ ತರಗತಿಯ ಎದುರಿಗೆ, ತಪ್ಪು ನನ್ನದೆಂದು ಹೇಳಿದೆ. ಆದರೂ ಆ ವರ್ಷ ಮುಗಿಯುವವರೆಗೆ ಅವನು ನನ್ನ ತರಗತಿಯಲ್ಲಿ ಒಮ್ಮೆಯೂ ಕೈಯೆತ್ತಲಿಲ್ಲ.

ಇದನ್ನು ಈಗ ನೆನಪಿಸಿದ್ದು ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯ ಒಂದು ಫೋನು. ಮಾತಿನ ನಡುವೆ ಆಕೆ, "ನನ್ನ ಮಗ ಪ್ರಬಂಧ ಬರೆಯುವಾಗ ಕಂಪ್ಯೂಟರಿನ ಪರದೆಯನ್ನು ಮೊದಲಿನಿಂದ ಕೊನೆಯವರೆಗೆ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾನೆ ಸಾರ್" ಎಂದಳು. "ಯಾಕಮ್ಮ, ಏನಾದರೂ ತಪ್ಪು ಮಾಡಿದ್ದನೇ?" ಎಂದು ಕೇಳಿದೆ. "ಇಲ್ಲ ಸಾರ್. ನಾಳೆ ಆ ತಂತ್ರಾಂಶ ಇದು ನಿನ್ನ ಬರವಣಿಗೆಯಲ್ಲ ಎಂದರೆ ತೋರಿಸಲು ಸಾಕ್ಷಿ ಬೇಕಲ್ಲ!"

ತಪ್ಪನ್ನೇ ಮಾಡದ ಮಗು ಮುಂಚಿತವಾಗಿ ಸಾಕ್ಷಿ ಸಂಗ್ರಹಿಸಿಟ್ಟುಕೊಳ್ಳುವ ಶಾಲೆ ಎಂಥದು ಎಂದು ಯೋಚಿಸುತ್ತ, ಈ ವಿಷಯವನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

2025ರ ಅಕ್ಟೋಬರ್ 20ರ ಸಂಜೆ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಕೌಂಟಿಯ ಕೆನ್‌ವುಡ್ ಹೈಸ್ಕೂಲಿನ ಹೊರಗೆ, ಆಟದ ಅಭ್ಯಾಸ ಮುಗಿಸಿದ 16 ವರ್ಷದ ಹುಡುಗನೊಬ್ಬ ಮನೆಗೆ ಹೋಗಲು ಕಾಯುತ್ತಿದ್ದ. ಡೊರಿಟೋಸ್ ಚಿಪ್ಸ್ ತಿಂದು ಖಾಲಿ ಪೊಟ್ಟಣವನ್ನು ಮಡಿಸಿ ಜೇಬಿಗಿಟ್ಟಿದ್ದ. ಕ್ಯಾಮೆರಾಗಳಿಗೆ ಜೋಡಿಸಿದ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗೆ ಆ ಪೊಟ್ಟಣ ಬಂದೂಕಾಗಿ ಕಂಡಿತು. ಪೊಲೀಸರು ಬಂದೂಕು ಗುರಿಯಿಟ್ಟು, ಮೊಣಕಾಲೂರಿಸಿ, ಕೈಕೋಳ ತೊಡಿಸಿ ಅವನನ್ನು ಶೋಧಿಸಿದರು. ವಾಸ್ತವದಲ್ಲಿ ಭದ್ರತಾ ವಿಭಾಗದವರು ಆ ಎಚ್ಚರಿಕೆಯನ್ನು ಪರಿಶೀಲಿಸಿ ಆಗಲೇ ರದ್ದುಪಡಿಸಿದ್ದರು. ಅದು ಪ್ರಾಂಶುಪಾಲರಿಗೆ ತಿಳಿದಿರಲಿಲ್ಲ. ವ್ಯವಸ್ಥೆಯನ್ನು ಒದಗಿಸಿದ ಸಂಸ್ಥೆಯು ಅದು ಬಂದೂಕಲ್ಲವೆಂದು ಒಪ್ಪಿಕೊಂಡಿತಾದರೂ, ತನ್ನ ಪ್ರಕ್ರಿಯೆ ಉದ್ದೇಶಿಸಿದಂತೆಯೇ ನಡೆಯಿತೆಂದು ಹೇಳಿತು. ನನ್ನ ಚೀಟಿಯ ಪ್ರಸಂಗದಲ್ಲಿ ತಪ್ಪು ಯಾರದೆಂಬುದು ಸ್ಪಷ್ಟವಾಗಿತ್ತು. ಇಲ್ಲಿ ಹುಡುಗನ ಕೈಗೆ ಕೋಳ ಬಿತ್ತು, ತಪ್ಪು ಮಾತ್ರ ಯಾರದೂ ಅಲ್ಲ!

ಕಣ್ಣಿನ ಕಥೆ ಇದಾದರೆ, ಬರವಣಿಗೆಯ ಕಥೆ ಇನ್ನೊಂದು. ಮಕ್ಕಳು ಶಾಲೆಯ ಖಾತೆಗಳಲ್ಲಿ ಬರೆಯುವ ಪ್ರತಿಯೊಂದು ಸಾಲನ್ನೂ ಶೋಧಿಸುವ ತಂತ್ರಾಂಶಗಳು ಅಮೆರಿಕದ ಎಷ್ಟೋ ಶಾಲೆಗಳಲ್ಲಿವೆ. ಕಾನ್ಸಾಸ್ ರಾಜ್ಯದ ಲಾರೆನ್ಸ್ ಪಟ್ಟಣದಲ್ಲಿ ಹತ್ತು ತಿಂಗಳಲ್ಲಿ ಅಂಥ ತಂತ್ರಾಂಶ ಎತ್ತಿ ತೋರಿಸಿದ ಸುಮಾರು 1,200 ಪ್ರಕರಣಗಳಲ್ಲಿ ಸರಿಸುಮಾರು ಮೂರರಲ್ಲಿ ಎರಡು ಪಾಲು ಗಮನಕ್ಕೆ ಯೋಗ್ಯವಲ್ಲವೆಂದು ಶಾಲೆಯ ಅಧಿಕಾರಿಗಳೇ ತೀರ್ಮಾನಿಸಿದರು. ಅವುಗಳಲ್ಲಿ 200ಕ್ಕೂ ಹೆಚ್ಚು ಮಕ್ಕಳ ಹೋಂವರ್ಕಿನಿಂದಲೇ ಹುಟ್ಟಿದ ಸುಳ್ಳು ಎಚ್ಚರಿಕೆಗಳು. ಛಾಯಾಚಿತ್ರದ ತರಗತಿಯ ಮಕ್ಕಳು ನಗ್ನಚಿತ್ರ ತೆಗೆದಿದ್ದಾರೆಂಬ ಶಂಕೆಯ ಮೇಲೆ ಪ್ರಾಂಶುಪಾಲರ ಕಚೇರಿಗೆ ಹೋಗಬೇಕಾಯಿತು. ಚಿತ್ರಗಳನ್ನು ತಂತ್ರಾಂಶ ತಾನಾಗಿಯೇ ಅಳಿಸಿಬಿಟ್ಟಿತ್ತು. ತಮ್ಮಲ್ಲಿ ಬೇರೆ ಪ್ರತಿ ಉಳಿಸಿಕೊಂಡಿದ್ದವರು ಅದನ್ನು ತೋರಿಸಿದಾಗಲೇ ಆರೋಪ ಸುಳ್ಳೆಂದು ತಿಳಿದದ್ದು. ಪ್ರತಿ ಉಳಿದಿರದಿದ್ದರೆ? 2025ರ ಆಗಸ್ಟಿನಲ್ಲಿ ಅಲ್ಲಿಯ ಕೆಲವು ವಿದ್ಯಾರ್ಥಿಗಳು ಈ ನಿಗಾ ವ್ಯವಸ್ಥೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ಇದೇ ವ್ಯವಸ್ಥೆಗಳು ಜೀವ ತೆಗೆದುಕೊಳ್ಳಲು ಹೊರಟಿದ್ದ ಮಕ್ಕಳನ್ನು ಸಕಾಲದಲ್ಲಿ ಗುರುತಿಸಿವೆಯೆಂದು ಶಾಲೆಗಳವರು ಹೇಳುತ್ತಾರೆ. ಆ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಶಾಲೆಯೊಳಗೆ ಗುಂಡಿನ ಸದ್ದು ಕೇಳಿದ ದೇಶದ ಹೆತ್ತವರ ಭಯವೂ ಸುಳ್ಳಲ್ಲ. ಆದರೆ ಭಯ ನಿಜವಾದ ಮಾತ್ರಕ್ಕೆ ಆರೋಪ ನಿಜವಾಗುವುದಿಲ್ಲ.

ಗಣಿತದ ಮೇಷ್ಟ್ರಾದ ನಾನು ಇಲ್ಲೊಂದು ಲೆಕ್ಕ ಹಾಕಿಸುತ್ತೇನೆ. ಹಳೆಯ ಅಭ್ಯಾಸ, ಸಹಿಸಿಕೊಳ್ಳಿ. ಒಂದು ಶಾಲೆಯಲ್ಲಿ 1,000 ಮಕ್ಕಳಿದ್ದಾರೆ. ತಪ್ಪು ಮಾಡಿದವರು 10 ಮಂದಿ ಎಂದಿಟ್ಟುಕೊಳ್ಳಿ. ಯಂತ್ರ ಆ 10 ಮಂದಿಯನ್ನೂ ಹಿಡಿಯುತ್ತದೆ. ನಿರಪರಾಧಿಗಳ ವಿಷಯದಲ್ಲಿ ನೂರಕ್ಕೆ ಒಂದು ಸಲ ಮಾತ್ರ ಎಡವುತ್ತದೆ. ಉಳಿದ 990 ಮಕ್ಕಳಲ್ಲಿ ಸುಮಾರು 10 ಮಂದಿ ವಿನಾಕಾರಣ ಸಿಕ್ಕಿಬೀಳುತ್ತಾರೆ. ಅಂದರೆ ಕಟಕಟೆಯಲ್ಲಿ ನಿಂತ 20 ಮಂದಿಯಲ್ಲಿ ಅರ್ಧದಷ್ಟು ನಿರಪರಾಧಿಗಳು! "ನೂರಕ್ಕೆ 99ರಷ್ಟು ನಿಖರ" ಎಂಬ ಮಾತಿನ ಒಳಗುಟ್ಟು ಇದು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯವೂ ಇಂಥದ್ದೇ ಲೆಕ್ಕ ಹಾಕಿತು. 2022ರಲ್ಲಿ ಅಲ್ಲಿ ಪರಿಶೀಲನೆಗೆ ಸಲ್ಲಿಕೆಯಾದ ಬರಹಗಳು 75,000. ತಪ್ಪಿನ ಪ್ರಮಾಣ ನೂರಕ್ಕೆ ಒಂದೇ ಆದರೂ ಸುಮಾರು 750 ಬರಹಗಳ ಮೇಲೆ ಸುಳ್ಳು ಆರೋಪ ಬೀಳುತ್ತಿತ್ತು. 2023ರ ಆಗಸ್ಟಿನಲ್ಲಿ ಆ ವಿಶ್ವವಿದ್ಯಾಲಯ ಕೃತಕ ಬುದ್ಧಿಮತ್ತೆಯ ಬರವಣಿಗೆಯನ್ನು ಪತ್ತೆಹಚ್ಚುವ ಸಾಧನದ ಬಳಕೆಯನ್ನು ನಿಲ್ಲಿಸಿತು. ಚಾಟ್‌ಜಿಪಿಟಿಯನ್ನು ನಿರ್ಮಿಸಿದ ಓಪನ್‌ಎಐ ಸಂಸ್ಥೆಯೇ ತಾನು ತಂದ ಪತ್ತೆಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು.

ನಮ್ಮವರ ಮಕ್ಕಳಿಗೆ ಇಲ್ಲೊಂದು ವಿಶೇಷ ಅಪಾಯವಿದೆ. 2023ರಲ್ಲಿ ಸ್ಟ್ಯಾನ್‌ಫೋರ್ಡ್ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಇಂಥ ಪತ್ತೆಸಾಧನಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಸಾಧನಗಳು ಯಂತ್ರದ ಬರಹವೆಂದು ತಪ್ಪಾಗಿ ಘೋಷಿಸಿದವು. ಅಮೆರಿಕದ ಎಂಟನೆಯ ತರಗತಿಯ ಮಕ್ಕಳ ಪ್ರಬಂಧಗಳ ವಿಷಯದಲ್ಲಿ ಅವು ಬಹುತೇಕ ಸರಿಯಾಗಿದ್ದವು. ಮುಂದಿನ ಪದ ಯಾವುದೆಂದು ಸುಲಭವಾಗಿ ಊಹಿಸಬಹುದಾದ ಸರಳ ಬರವಣಿಗೆಯನ್ನು ಆ ಸಾಧನಗಳು ಯಂತ್ರದ್ದೆಂದು ಬಗೆಯುತ್ತವೆ. ಕಲಿತ ಭಾಷೆಯಲ್ಲಿ, ವ್ಯಾಕರಣಕ್ಕೆ ಹೆದರಿ, ಗೊತ್ತಿರುವ ಪದಗಳನ್ನಷ್ಟೇ ಜೋಡಿಸಿ ಬರೆಯುವುದು ಹೇಗೆಂದು ನಿಮ್ಮಲ್ಲಿ ಎಷ್ಟೋ ಮಂದಿಗೆ ನಾವೇ ಹೇಳಿಕೊಟ್ಟೆವು. ಆ ಜಾಗರೂಕತೆಯೇ ಇಂದು ಅಪರಾಧದ ಗುರುತಾಗಿದೆ!

ನಮ್ಮಲ್ಲಿ ಸ್ಥಿತಿ ಇಷ್ಟು ದೂರ ಹೋಗಿಲ್ಲ. 2024ರಲ್ಲಿ ಕರ್ನಾಟಕದ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಿತು. ಸಾಮೂಹಿಕ ನಕಲನ್ನು ಕಣ್ಣಾರೆ ಕಂಡು ಸಂಕಟಪಟ್ಟ ನಾನು ಅದನ್ನು ವಿರೋಧಿಸುವುದಿಲ್ಲ. ಕಾವಲಿರಲಿ. ಆದರೆ ಕಾವಲುಗಾರನನ್ನೇ ನ್ಯಾಯಾಧೀಶನನ್ನಾಗಿ ಮಾಡಬಾರದು.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರು. ಇನ್ನು ಕೆಲವರು ಇಂಥ ತಂತ್ರಾಂಶಗಳನ್ನು ಬರೆಯುವ ಎಂಜಿನಿಯರುಗಳು. ಇಬ್ಬರಲ್ಲೂ ನನ್ನ ಬಿನ್ನಹ ಒಂದೇ. ಯಂತ್ರ ಕೊಡುವುದು ಸಂಶಯವನ್ನು, ಸಾಕ್ಷ್ಯವನ್ನಲ್ಲ. ಹೆತ್ತವರಿಗೆ ಪತ್ರ ಹೋಗುವ ಮೊದಲು, ಪೊಲೀಸರಿಗೆ ಫೋನು ಹೋಗುವ ಮೊದಲು, ಮಗುವನ್ನು ಎದುರಿಗೆ ಕೂರಿಸಿಕೊಂಡು ಅದರ ಮಾತನ್ನು ಪೂರ್ತಿಯಾಗಿ ಕೇಳುವವರು ಒಬ್ಬರಿರಬೇಕು. ಆರೋಪ ಸುಳ್ಳೆಂದು ತಿಳಿದಾಗ ಅದನ್ನು ದಾಖಲೆಯಿಂದ ಅಳಿಸಿ, ಎಷ್ಟು ಮಂದಿಯ ಎದುರಿಗೆ ಅವಮಾನವಾಯಿತೋ ಅಷ್ಟೇ ಮಂದಿಯ ಎದುರಿಗೆ ಕ್ಷಮೆ ಕೇಳಬೇಕು.

ಮನುಷ್ಯರಾದ ನಾವೂ ತಪ್ಪುತ್ತೇವೆ. ಆ ತಪ್ಪಿನ ಕಥೆಯಿಂದಲೇ ಈ ಬರಹವನ್ನು ಆರಂಭಿಸಿದ್ದೇನೆ. ನಾನು ಯಂತ್ರಕ್ಕಿಂತ ಉತ್ತಮನಾಗಿದ್ದೆನೆಂದು ಹೇಳಲಾರೆ. ಆದರೆ ಅಂದು ನನ್ನನ್ನು ಪ್ರಶ್ನಿಸುವ ಹಿರಿಯರೊಬ್ಬರಿದ್ದರು, ನನಗೆ ನಾಚಿಕೆಯಾಯಿತು, ಮರುದಿನ ಆ ಹುಡುಗನ ಮುಖ ನೋಡಬೇಕಾಯಿತು. ಯಂತ್ರಕ್ಕೆ ಈ ಮೂರೂ ಇಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಗಾದೆ. ಯಂತ್ರ ಕಾಣಬಲ್ಲದು, ಪ್ರಮಾಣಿಸಿ ನೋಡುವ ಹೊಣೆ ನಮ್ಮದೇ.

ಅಂದಿನ ಆ ಹುಡುಗ ಈ ಪುಟವನ್ನು ಓದುವುದಾದರೆ, ಇನ್ನೊಮ್ಮೆ ಹೇಳುತ್ತೇನೆ: ತಪ್ಪು ನನ್ನದು, ಮಗೂ. ನಾನು ಓದಿರಲಿಲ್ಲ.