ಗೋಡೆ ಎಲ್ಲರದು, ಅರ್ಜಿ ಮಾತ್ರ ಇಂಗ್ಲಿಷಿನದೇ?



ನಿಮ್ಮ ಮನೆಯ ಬಾಲ್ಕನಿಗೆ ಒಂದು ಗ್ರಿಲ್ ಹಾಕಿಸಬೇಕು ಎಂದಿಟ್ಟುಕೊಳ್ಳಿ. ಮನೆ ನಿಮ್ಮದು, ದುಡ್ಡು ನಿಮ್ಮದು, ಬ್ಯಾಂಕಿನ ಸಾಲದ ಕಂತು ಕಟ್ಟಿ ಸೊಂಟ ಮುರಿದುಕೊಂಡವರೂ ನೀವೇ. ಆದರೂ ಅಪಾರ್ಟ್‌ಮೆಂಟಿನ ಸಂಘ ಒಪ್ಪಬೇಕು. ಒಪ್ಪಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಒಪ್ಪಿಗೆಯನ್ನು ಯಾವ ಭಾಷೆಯಲ್ಲಿ ಕೇಳಬೇಕು? ಬೆಂಗಳೂರಿನಲ್ಲಿ ಕನ್ನಡದಲ್ಲಿ ಕೇಳಿದರೆ ಅದು ಕೇಳಿದಂತೆ ಅಲ್ಲವೇ?

ಕೃಷ್ಣರಾಜಪುರದ ಕಡೆ ನಮ್ಮ ಪಕ್ಕದ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಅಲ್ಲಿರುವ ಹಿರಿಯರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಏಳನೇ ಮಹಡಿ. ಮೊಮ್ಮಗನಿಗೆ ಎರಡು ವರ್ಷ, ಕುರ್ಚಿ ಎಳೆದುಕೊಂಡು ಹತ್ತುವ ವಯಸ್ಸು. ಮಗು ಬಿದ್ದೀತೆಂಬ ಭಯಕ್ಕೆ ಗ್ರಿಲ್ ಹಾಕಿಸಲು ಅನುಮತಿ ಕೋರಿ ಅಚ್ಚುಕಟ್ಟಾದ ಕನ್ನಡದಲ್ಲಿ ಅರ್ಜಿ ಬರೆದು ಸಂಘದ ಕಚೇರಿಗೆ ಕೊಟ್ಟರು. ಅಲ್ಲಿದ್ದ ಮ್ಯಾನೇಜರ್ ಅರ್ಜಿಯನ್ನು ಹಿಂದಕ್ಕೆ ಚಾಚಿದ. ‘ಸಾರ್, ಇಂಗ್ಲಿಷಲ್ಲಿ ಬರ್ಕೊಡಿ. ಕಮಿಟಿಯವರಿಗೆ ಕನ್ನಡ ಬರಲ್ಲ.’ ಆ ಹುಡುಗನ ಊರು ಯಾವುದು ಗೊತ್ತೇ? ಮಾಲೂರು!

ಹಿರಿಯರಿಗೆ ರೇಗಿತು. ಕೇಳುವುದೂ ಬೇಡ, ಬಿಡುವುದೂ ಬೇಡ ಎಂದು ಗ್ರಿಲ್ ಹಾಕಿಸಿಬಿಟ್ಟರು. ವಾರದೊಳಗೆ ಬಾಗಿಲಿಗೆ ನೋಟಿಸು ಬಂತು. ಅಪ್ಪಟ ಇಂಗ್ಲಿಷು. ‘ಫಸಾಡ್’ ಅಂತೆ, ‘ಎಲಿವೇಶನ್’ ಅಂತೆ, ತೆಗೆಯದಿದ್ದರೆ ದಂಡವಂತೆ. ಅದನ್ನು ಓದಿ ಹೇಳಿದವನು ನಾನೇ. ‘ಏನಪ್ಪಾ, ನಾನೇನು ಕಳ್ಳತನ ಮಾಡಿದೆನಾ?’ ಎಂದು ಅವರು ಕೇಳಿದಾಗ ನನ್ನ ಬಾಯಿ ಕಟ್ಟಿಹೋಯಿತು.

ಹೊರಗೋಡೆ ಯಾರದು?

ಆವೇಶ ಬಿಟ್ಟು ಮೊದಲು ನ್ಯಾಯ ನೋಡೋಣ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಏನು ಹೇಳುತ್ತದೆ? ಘೋಷಣಾ ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ ಕಟ್ಟಡದ ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಛಾವಣಿ ಎಲ್ಲವೂ ಮಾಲೀಕರೆಲ್ಲರ ಕೂಡು ಸ್ವತ್ತು. ಕಟ್ಟಡದ ಭದ್ರತೆಗೆ ಧಕ್ಕೆ ತರುವ, ಅದರ ಬೆಲೆ ಕುಗ್ಗಿಸುವ ಕೆಲಸವನ್ನು ಉಳಿದ ಮಾಲೀಕರ ಒಪ್ಪಿಗೆ ಇಲ್ಲದೆ ಯಾರೂ ಮಾಡಕೂಡದು. ಇದು ಸರಿಯಾದ ಮಾತೇ. ಒಬ್ಬ ಬಾಲ್ಕನಿಗೆ ಗಾಜು ಹಾಕಿ ಕೋಣೆ ಮಾಡಿಕೊಂಡ, ಇನ್ನೊಬ್ಬ ತಗಡು ಇಳಿಬಿಟ್ಟ, ಮತ್ತೊಬ್ಬ ಗೋಡೆ ಕೊರೆದು ಎ.ಸಿ. ನೇತುಹಾಕಿದ ಎಂದರೆ ಮಳೆಗಾಲದಲ್ಲಿ ಸೋರುವುದು ಕೆಳಗಿನವನ ಮನೆ! ಆದ್ದರಿಂದ ನಮ್ಮ ಹಿರಿಯರು ಕೇಳದೆ ಗ್ರಿಲ್ ಹಾಕಿಸಿದ್ದು ತಪ್ಪು. ಅದನ್ನು ಅವರ ಮುಖಕ್ಕೇ ಹೇಳಿದ್ದೇನೆ.

ಆದರೆ ಕಾನೂನು ಒಂದೇ ಕಡೆಗೆ ಹರಿಯುವುದಿಲ್ಲ. ಇದೇ ಕಾಯ್ದೆಯಡಿಯ ಮಾದರಿ ಉಪವಿಧಿಗಳನ್ನು ಓದಿ. ಮನೆಯಲ್ಲಿ ಮಾರ್ಪಾಡು ಮಾಡುವ ಮುನ್ನ ಮಾಲೀಕ ಸಂಘಕ್ಕೆ ಲಿಖಿತವಾಗಿ ತಿಳಿಸಬೇಕು. ಸಂಘ 30 ದಿನದೊಳಗೆ ಉತ್ತರ ಕೊಡಲೇಬೇಕು. ಕೊಡದಿದ್ದರೆ ಆಕ್ಷೇಪಣೆ ಇಲ್ಲವೆಂದೇ ಅರ್ಥ. ಗಮನಿಸಿ, ‘ಲಿಖಿತವಾಗಿ’ ಎಂದಿದೆ. ‘ಇಂಗ್ಲಿಷಿನಲ್ಲಿ’ ಎಂದಿಲ್ಲ! ಹಾಗಿರುವಾಗ ಕನ್ನಡದ ಅರ್ಜಿಯನ್ನು ತೆಗೆದುಕೊಳ್ಳದೆ ತಳ್ಳಿದವರು ಯಾವ ಅಧಿಕಾರದಿಂದ ತಳ್ಳಿದರು? ಹೊರಗೋಡೆ ಎಲ್ಲರದು ಎನ್ನುವ ಸಂಘ, ಆ ‘ಎಲ್ಲರಲ್ಲಿ’ ಕನ್ನಡ ಮಾತ್ರ ಬಲ್ಲವನೂ ಇದ್ದಾನೆಂಬುದನ್ನು ಮರೆಯಬಹುದೇ?

ಹಳೆಯ ದಂಡು, ಹೊಸ ದಂಡು

ಈ ಪೂರ್ವ ಭಾಗಕ್ಕೆ ಇದು ಹೊಸ ಕಾಯಿಲೆಯಲ್ಲ. 1809ರಲ್ಲಿ ಇಂಗ್ಲಿಷರ ದಂಡು ಇಲ್ಲಿ ಬಂದು ಕೂತಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಪೇಟೆಯಲ್ಲಿ ಮಹಾರಾಜರ ಆಡಳಿತ, ದಂಡಿನಲ್ಲಿ ದೊರೆಗಳ ಆಡಳಿತ. ಹಲಸೂರು ಅವರ ಬಾಯಲ್ಲಿ ಅಲ್ಸೂರಾಯಿತು. ಬಂಗಲೆಯ ಗೇಟಿನೊಳಗೆ ಇಂಗ್ಲಿಷು, ಗೇಟಿನಾಚೆ ಜನರ ಮಾತು. 1947ರ ಜುಲೈನಲ್ಲಿ ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆಯೂ ದಂಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಗೇಟು ಹೋಯಿತು ಎಂದುಕೊಂಡೆವು.

ಹೋಯಿತೇ? ಇಂದಿರಾನಗರ ದಾಟಿ ಹಳೆ ಮದರಾಸು ರಸ್ತೆ ಹಿಡಿದು ಕೃಷ್ಣರಾಜಪುರ, ಮಹದೇವಪುರ, ವೈಟ್‌ಫೀಲ್ಡ್ ಕಡೆ ಹೋಗಿ ನೋಡಿ. ಸಾಲು ಸಾಲು ಗೇಟುಗಳು. ಗೇಟಿನಾಚೆ ಅಂಗಡಿಯ ನಾಮಫಲಕದಲ್ಲಿ ಕನ್ನಡ ಇದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಂದ 2024ರ ತಿದ್ದುಪಡಿ ಶೇಕಡಾ 60 ಕನ್ನಡ ಬೇಕೆಂದು ಕಟ್ಟುಮಾಡಿದೆ. 2017ರಲ್ಲಿ ಮೆಟ್ರೊ ಫಲಕಗಳ ಹಿಂದಿಯನ್ನೂ ಜನ ಪ್ರಶ್ನಿಸಿ ತೆಗೆಸಿದರು. ಆದರೆ ಆ ಶೇಕಡಾ 60ರ ಮಾತು ವ್ಯಾಪಾರ ವಹಿವಾಟಿನ ಫಲಕಗಳದು. ಲಿಫ್ಟಿನ ಪಕ್ಕದ ಸೂಚನಾ ಫಲಕಕ್ಕೆ ಅದು ಬರುವುದಿಲ್ಲ. ಗೇಟು ದಾಟಿ ಒಳಗೆ ಕಾಲಿಟ್ಟರೆ ನೀರಿನ ಸೂಚನೆ, ಕಸದ ಸೂಚನೆ, ಗ್ರಿಲ್ಲಿನ ಅರ್ಜಿ, ದಂಡದ ಚೀಟಿ ಎಲ್ಲವೂ ಇಂಗ್ಲಿಷು.

ನಮ್ಮ ತಪ್ಪೂ ಇದೆ

ಇದಕ್ಕೆ ಹೊರಗಿನವರನ್ನು ಬೈದು ಸುಮ್ಮನಾಗೋಣವೇ? ಬೇಡ. ವಾರ್ಷಿಕ ಸಭೆಗೆ ನಾವೆಷ್ಟು ಜನ ಹೋಗುತ್ತೇವೆ? ಉಪವಿಧಿಯ ಪ್ರತಿಯನ್ನು ಎಷ್ಟು ಜನ ಕೈಯಲ್ಲಿ ಹಿಡಿದಿದ್ದೇವೆ? ‘ನಮಗ್ಯಾಕೆ ಬಿಡಿ’ ಎಂದು ಭಾನುವಾರ ಟೀವಿ ಮುಂದೆ ಕೂತವರು ನಾವು. ಸಭೆಯಲ್ಲಿ ಕನ್ನಡ ಬಲ್ಲ ನಾಲ್ವರು ಸೇರಿದರೂ ನಾಲ್ವರೂ ಹರಕು ಇಂಗ್ಲಿಷಿನಲ್ಲೇ ಮಾತಾಡುತ್ತೇವೆ. ಕೇಳದವನಿಗೆ ಕೊಡುವವರು ಯಾರು?

ಪಕ್ಕದ ಮನೆಯ ಕಥೆ ಹೇಗೆ ಮುಗಿಯಿತು ಹೇಳುತ್ತೇನೆ. ಹಿರಿಯರೂ ನಾನೂ ಕೂತು ಮತ್ತೆ ಕನ್ನಡದಲ್ಲೇ ಅರ್ಜಿ ಬರೆದೆವು. ಗ್ರಿಲ್ಲಿನ ನಕ್ಷೆ ಬಿಡಿಸಿ ಅಳತೆ ಹಾಕಿದೆವು. ಗೋಡೆಯ ಗೆರೆಯಿಂದಾಚೆ ಚಾಚುವುದಿಲ್ಲ, ಕಟ್ಟಡದ ಬಣ್ಣವನ್ನೇ ಬಳಿಸುತ್ತೇವೆ, ಬೆಂಕಿ ಬಿದ್ದರೆ ಹೊರಬರಲು ಒಂದು ಕದ ತೆರೆಯುವಂತಿರುತ್ತದೆ ಎಂದು ಬರೆದು, ಕೇಳದೆ ಹಾಕಿಸಿದ್ದಕ್ಕೆ ವಿಷಾದವನ್ನೂ ಸೇರಿಸಿದೆವು. ಮ್ಯಾನೇಜರಿಂದ ಸ್ವೀಕೃತಿಯ ಸಹಿ ಹಾಕಿಸಿಕೊಂಡೆವು. ಸಮಿತಿಯ ಮುಂದೆ ನಿಂತಾಗ ಏನಾಯಿತು? ಅಲ್ಲಿದ್ದ ಬಂಗಾಳಿ ಹೆಣ್ಣುಮಗಳೊಬ್ಬರು ಕೇಳಿದರು: ‘ಕನ್ನಡದ ಅರ್ಜಿ ಬೇಡವೆಂದು ನಾವು ಯಾವಾಗ ಹೇಳಿದೆವು?’ ಯಾರೂ ಹೇಳಿರಲಿಲ್ಲ! ಯಾರೂ ಹೇಳದ ನಿಯಮವನ್ನು ನಮ್ಮವನೇ ತಲೆಯ ಮೇಲೆ ಹೊತ್ತು ಕಾವಲು ಕಾಯುತ್ತಿದ್ದ. ಹೊರಕ್ಕೆ ಚಾಚಿದ್ದ ನಾಲ್ಕು ಅಂಗುಲ ಕಬ್ಬಿಣ ಕತ್ತರಿಸಬೇಕಾಯಿತು. ದಂಡ ಬಿಟ್ಟರು. ಗ್ರಿಲ್ ಉಳಿಯಿತು.

ಮಾಡಬೇಕಾದ್ದು ಇಷ್ಟು

ನಿಮ್ಮ ಸಂಘ 1972ರ ಕಾಯ್ದೆಯಡಿ ಇದೆಯೋ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇದೆಯೋ ಮೊದಲು ತಿಳಿದುಕೊಳ್ಳಿ. ಉಪವಿಧಿಯ ಪ್ರತಿ ಕೇಳಿ ಪಡೆಯಿರಿ. 30 ದಿನದ ಮಾತು ಅದರಲ್ಲಿದೆಯೇ ನೋಡಿ. ಕೆಲಸ ಶುರುಮಾಡುವ ಮುನ್ನ ಅರ್ಜಿ ಕೊಡಿ, ಕನ್ನಡದಲ್ಲೇ ಕೊಡಿ. ನಕ್ಷೆ ಲಗತ್ತಿಸಿ, ದಿನಾಂಕದೊಂದಿಗೆ ಸ್ವೀಕೃತಿ ಪಡೆಯಿರಿ. ಬಾಲ್ಕನಿಯನ್ನೇ ಮುಚ್ಚಿ ಕೋಣೆ ಮಾಡುವುದಾದರೆ ಸಂಘ ಒಪ್ಪಿದರೆ ಸಾಲದು, ಅದು ನಗರ ಪಾಲಿಕೆ ಮಂಜೂರು ಮಾಡಿದ ನಕ್ಷೆಯ ಪ್ರಶ್ನೆ, ಅದನ್ನು ಮರೆಯಬೇಡಿ.

ಮುಂದಿನ ವಾರ್ಷಿಕ ಸಭೆಗೆ ತಪ್ಪದೆ ಹೋಗಿ ಒಂದೇ ನಿರ್ಣಯ ಮಂಡಿಸಿ: ಉಪವಿಧಿ, ಅರ್ಜಿ, ನೋಟಿಸು ಎಲ್ಲವೂ ಕನ್ನಡದಲ್ಲೂ ಇರಬೇಕು. ಇಂಗ್ಲಿಷ್ ಬೇಕೆನ್ನುವವರಿಗೆ ಇಂಗ್ಲಿಷೂ ಇರಲಿ, ನಮ್ಮ ತಕರಾರಿಲ್ಲ. ಇದಕ್ಕೆ ಸರ್ಕಾರ ಕಾನೂನು ತರಲೆಂದು ಕಾಯುತ್ತಾ ಕೂರಬೇಡಿ. ಕೈ ಎತ್ತಿದರೆ ಸಾಕು.

ತನ್ನ ನೆಲದಲ್ಲಿ, ತನ್ನ ದುಡ್ಡಿನ ಮನೆಯಲ್ಲಿ, ತನ್ನ ಮೊಮ್ಮಗನ ಜೀವಕ್ಕಾಗಿ ಅರ್ಜಿ ಹಿಡಿದು ನಿಂತ ಹಿರಿಯನಿಗೆ ‘ನಿನ್ನ ಭಾಷೆ ಇಲ್ಲಿ ನಡೆಯದು’ ಎಂದು ಇನ್ನು ಯಾರೂ ಹೇಳಬಾರದು.

ಬಂಧುಗಳೇ, ಲೇಖನಿ ಹಿಡಿಯಿರಿ!