ಬಿಡ್ತು ಅನ್ನು!

ಪಾಂಡವಪುರದಲ್ಲಿ ಬೆಳಗಿನ ಟ್ರೈನ್ ಹತ್ತಿದರೆ ಮೈಸೂರು ಬರೋ ಹೊತ್ತಿಗೆ ಫೋನಲ್ಲಿ ಏಳೆಂಟು ಪುಟ ಓದಬಹುದು. ಈಗ ಓದ್ತಿರೋದು ಸಿದ್ಧಾರ್ಥ ಮುಖರ್ಜಿ ಅವರ ‘ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್’. ಕ್ಯಾನ್ಸರ್ ಡಾಕ್ಟರೊಬ್ಬರು 2010ರಲ್ಲಿ ಬರೆದ ಕ್ಯಾನ್ಸರಿನ ಜೀವನಚರಿತ್ರೆ.

ಶ್ರೀರಂಗಪಟ್ಟಣದ ಹೊಳೆ ದಾಟುವಾಗ ಅತೋಸ್ಸಾಳ ಕಥೆ ಬಂತು. 2,500 ವರ್ಷಗಳ ಹಿಂದಿನ ಪರ್ಷಿಯಾದ ರಾಣಿ. ಎದೆಯಲ್ಲಿ ಗಡ್ಡೆ ಎದ್ದರೂ ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಇನ್ನೊಂದು ಪ್ರಸಂಗ 1950ರ ದಶಕದ್ದು. ನ್ಯೂಯಾರ್ಕಿನ ದೊಡ್ಡ ಪತ್ರಿಕೆಯೊಂದು ‘ಸ್ತನ ಕ್ಯಾನ್ಸರ್’ ಅಂತ ಅಚ್ಚು ಹಾಕಲ್ಲ ಅಂದಿತಂತೆ; ‘ಎದೆಗೂಡಿನ ಕಾಯಿಲೆ’ ಅಂತ ಹಾಕೋಣ್ವಾ ಅಂತ ಕೇಳಿದರಂತೆ. ಓದಿ ನಗು ಬಂತು.

ಆ ಭಾನುವಾರ ನಾಗಮಂಗಲಕ್ಕೆ ಹೋದಾಗ ದೊಡ್ಡಮ್ಮ ಮುದ್ದೆ ಬಿಟ್ಟು ಗಂಜಿ ಕುಡೀತಿದ್ದರು. ಕೆನ್ನೆಯೊಳಗೆ ಹುಣ್ಣು, ಎರಡು ತಿಂಗಳಿಂದ. ಎಲೆ-ಅಡಿಕೆ, ಹೊಗೆಸೊಪ್ಪು ನಲವತ್ತು ವರ್ಷದ ಅಭ್ಯಾಸ.

“ಉಷ್ಣ ಕಣ್ ಮಗಾ, ವಾಸಿಯಾಯ್ತದೆ.”

“ದೊಡ್ಡಮ್ಮ, ಕ್ಯಾನ್ಸರ್ ಏನಾದ್ರೂ...”

“ಬುಡ್ತು ಅನ್ನು! ಆ ಹೆಸ್ರು ಎತ್‌ಬ್ಯಾಡ.”

ಕೆ.ಆರ್. ಪೇಟೆಯ ಮಾವ ಹೀಗೇ ಮುಚ್ಚಿಟ್ಟುಕೊಂಡು ತೀರಿಹೋದರು. ನಮ್ಮ ಮನೇಲಿ ಇವತ್ತಿಗೂ ಅದು ‘ಆ ಕಾಯಿಲೆ’.

ವಾದ ಮಾಡದೆ ಪುಸ್ತಕದ ಕಥೆ ಹೇಳಿದೆ. 1947ರಲ್ಲಿ ಬಾಸ್ಟನ್‌ನ ಡಾಕ್ಟರ್ ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರ್ ಆಗಿದ್ದ ಮಕ್ಕಳಿಗೆ ಹೊಸ ಔಷಧ ಕೊಟ್ಟು ನೋಡಿದರು. ಅದನ್ನು ತಯಾರಿಸಿದ್ದು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ.

“ಮಕ್ಳು ಉಳುದ್ವಾ?”

“ಆವಾಗ ಕೆಲವಕ್ಕೆ ಒಂದಷ್ಟು ತಿಂಗಳು ಗುಣ ಕಾಣ್ತು, ಮತ್ತೆ ಬಂತು. ಈಗ ಒಳ್ಳೆ ಚಿಕಿತ್ಸೆ ಸಿಕ್ರೆ ಬಹುಪಾಲು ಮಕ್ಳು ಉಳೀತಾರೆ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರೆ ನಡಿ, ತೋರ್ಸನ” ಅಂದರು.

ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ರಿಪೋರ್ಟ್ ಬರೋದು ಮುಂದಿನ ವಾರ. ಏನು ಬರುತ್ತೋ ಗೊತ್ತಿಲ್ಲ.

ನಿಮ್ಮ ಮನೆಯಲ್ಲೂ ಎಲೆ-ಅಡಿಕೆ ತಟ್ಟೆ ಇರಬಹುದು. ಹೊಗೆಸೊಪ್ಪಷ್ಟೇ ಅಲ್ಲ, ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ. ಬಾಯಿಹುಣ್ಣು ಎರಡು-ಮೂರು ವಾರದಲ್ಲಿ ಮಾಯದಿದ್ದರೆ, ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ ಉಳಿದರೆ, ಬಾಯಿ ಪೂರ್ತಿ ತೆಗೆಯೋಕೆ ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಈ ಸಲ ಊರಿಗೆ ಹೋದಾಗ ಅಮ್ಮನನ್ನೋ ಅಜ್ಜಿಯನ್ನೋ ಒಂದು ಸಲ ಕೇಳಿ. ಬಿಡ್ತು ಅನ್ನು ಅಂತಾರೆ. ಆದರೂ ಕೇಳಿ.