ಸ್ಪೈಡರ್‌ಮ್ಯಾನ್ ಮದುವೆ ಮುರಿದವರು ಯಾರು?

ಸ್ಪೈಡರ್‌ಮ್ಯಾನ್ ಆದ ಪೀಟರ್ ಪಾರ್ಕರ್ ಮತ್ತು ಮೇರಿ ಜೇನ್ ವಾಟ್ಸನ್ ಮದುವೆ 1987ರಲ್ಲಿ ನಡೆಯಿತು. ಕಾಮಿಕ್ಸ್ ಪುಟದಲ್ಲಿ ಮಾತ್ರವಲ್ಲ, ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲೂ ನಡೆಯಿತು. ಬೇಸ್‌ಬಾಲ್ ನೋಡಲು ಬಂದ ಜನರೆದುರು ವೇಷ ತೊಟ್ಟ ವಧೂವರರು ನಿಂತರು, ಪಾತ್ರದ ಸೃಷ್ಟಿಕರ್ತರಲ್ಲೊಬ್ಬರಾದ ಸ್ಟ್ಯಾನ್ ಲೀ ಅವರೇ ಮುಂದೆ ನಿಂತು ಮದುವೆ ಮಾಡಿಸಿದರು. ಇಪ್ಪತ್ತು ವರ್ಷ ಬಾಳಿದ ಆ ಸಂಸಾರವನ್ನು ಮಾರ್ವೆಲ್ ಸಂಸ್ಥೆ 2007ರ ಕೊನೆಯಲ್ಲಿ ‘ಒನ್ ಮೋರ್ ಡೇ’ ಎಂಬ ನಾಲ್ಕು ಕಂತಿನ ಕಥೆಯಲ್ಲಿ ಅಳಿಸಿಹಾಕಿತು. ಅದು ವಿಚ್ಛೇದನವಲ್ಲ, ಸಾವೂ ಅಲ್ಲ. ಗುಂಡೇಟು ತಿಂದು ಸಾಯಲು ಮಲಗಿದ್ದ ಮೇ ದೊಡ್ಡಮ್ಮನ ಜೀವ ಉಳಿಸಲು ಪೀಟರ್ ಮೆಫಿಸ್ಟೊ ಎಂಬ ಪಿಶಾಚಿಯ ಮೊರೆಹೋದ. ಪಿಶಾಚಿ ಕೇಳಿದ ಬೆಲೆ ಅವರ ಮದುವೆ. ಬೆಳಗಾದಾಗ ಪೀಟರ್ ಒಂಟಿ, ತಾನು ಮದುವೆಯಾಗಿದ್ದೆನೆಂಬ ನೆನಪೂ ಅವನಿಗಿಲ್ಲ.

ಅಮೆರಿಕದ ಸೂಪರ್‌ಹೀರೊ ಓದುಗರು ಇಷ್ಟು ದೀರ್ಘಕಾಲ ಕ್ಷಮಿಸದ ಕಥೆ ಬಹುಶಃ ಇನ್ನೊಂದಿಲ್ಲ. ಆ ಸಂಚಿಕೆಗಳ ಮೇಲೆ ಲೇಖಕರಾಗಿ ಇದ್ದ ಹೆಸರು ಜೆ. ಮೈಕಲ್ ಸ್ಟ್ರಾಜಿನ್ಸ್ಕಿ ಅವರದು. ಆದರೆ ಕೊನೆಯ ಎರಡು ಕಂತುಗಳಿಂದ ತಮ್ಮ ಹೆಸರನ್ನೇ ತೆಗೆಯುವಂತೆ ಕೇಳಿದ್ದಾಗಿ ಸ್ಟ್ರಾಜಿನ್ಸ್ಕಿ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಮದುವೆ ಹೋಗಬೇಕು ಎಂಬ ತೀರ್ಮಾನ ಪ್ರಧಾನ ಸಂಪಾದಕ ಜೋ ಕ್ವೆಸಾಡಾ ಅವರ ಕಚೇರಿಯದು. ಮದುವೆಯಾದ ಸ್ಪೈಡರ್‌ಮ್ಯಾನ್‌ಗೆ ವಯಸ್ಸಾಗುತ್ತದೆ, ವಿಚ್ಛೇದನ ಕೊಡಿಸಿದರೆ ಇನ್ನಷ್ಟು ವಯಸ್ಸಾಗುತ್ತದೆ ಎಂಬುದು ಅವರ ವಾದ. ಅದನ್ನು ಅವರು ಮುಚ್ಚಿಡಲಿಲ್ಲ. ಕಥೆಯ ಚಿತ್ರಗಳನ್ನು ತಾವೇ ಬರೆದರು, ಬೈಗುಳವನ್ನೂ ತಿಂದರು. ಅಷ್ಟರ ಮಟ್ಟಿಗೆ ಈ ಪ್ರಕರಣ ಅಪರೂಪದ್ದು. ಸಾಮಾನ್ಯವಾಗಿ ತೀರ್ಮಾನ ಮಾಡಿದವರ ಹೆಸರು ಓದುಗರ ಕಣ್ಣಿಗೇ ಬೀಳುವುದಿಲ್ಲ.

ಸೂಪರ್‌ಹೀರೊ ಕಾಮಿಕ್ಸ್ ಅಭಿಮಾನಿಗಳ ಸಿಟ್ಟು ಸುಳ್ಳಲ್ಲ. ಅದು ಹೋಗಿ ತಾಗುವ ಜಾಗ ತಪ್ಪು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಪಾತ್ರದ ಒಡೆತನವಿರುವ ಕಂಪನಿಯ ತೀರ್ಮಾನಕ್ಕೆ ಪುಟಕ್ಕಿಷ್ಟು ಎಂದು ಕೂಲಿ ಪಡೆಯುವ ಲೇಖಕ ಮತ್ತು ಚಿತ್ರಕಾರರು ಬರೆ ತಿನ್ನುತ್ತಾರೆ. ಮಾರ್ವೆಲ್ ಮತ್ತು ಡಿಸಿ ಸಂಸ್ಥೆಗಳಲ್ಲಿ ನಡೆಯುವ ಕೆಲಸ ಬಹುಪಾಲು ಗುತ್ತಿಗೆ ಬರಹ. ಬರೆದದ್ದರ ಹಕ್ಕುಸ್ವಾಮ್ಯ ಮೊದಲ ದಿನದಿಂದಲೇ ಕಂಪನಿಯದು. ಯಾವ ಪಾತ್ರ ಸಾಯಬೇಕು, ಯಾವುದು ಮರಳಿ ಬರಬೇಕು, ಬರಲಿರುವ ಸಿನಿಮಾಕ್ಕೆ ಯಾವ ಸಂಚಿಕೆ ಹೊಂದಬೇಕು ಎಂಬುದನ್ನು ಲೇಖಕರು ಮತ್ತು ಸಂಪಾದಕರು ಸಭೆ ಸೇರಿ ಚರ್ಚಿಸುವುದುಂಟು, ಆದರೆ ಕೊನೆಯ ಮಾತು ಸಂಪಾದಕರದು. ಸಂಪಾದಕರಿಗೂ ಮೇಲೆ ಒಡೆಯರಿದ್ದಾರೆ: ಮಾರ್ವೆಲ್‌ಗೆ 2009ರಿಂದ ಡಿಸ್ನಿ, ಡಿಸಿಗೆ ವಾರ್ನರ್.

ಈ ರೋಗ ಹಳೆಯದು. 1973ರಲ್ಲಿ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 121ನೇ ಸಂಚಿಕೆಯಲ್ಲಿ ಪೀಟರನ ಪ್ರೇಯಸಿ ಗ್ವೆನ್ ಸ್ಟೇಸಿ ಸತ್ತಳು. ಮೇ ದೊಡ್ಡಮ್ಮನ ಬದಲು ಗ್ವೆನ್ ಸಾಯಲಿ ಎಂದು ಸೂಚಿಸಿದವರು ಹಿರಿಯ ಚಿತ್ರಕಾರ ಜಾನ್ ರೊಮಿಟಾ. ಒಪ್ಪಿಗೆ ಕೊಟ್ಟದ್ದು ಸಂಪಾದಕ ವರ್ಗ. ಬರೆದ ಗೆರ್ರಿ ಕಾನ್ವೇ ಆಗಿನ್ನೂ ಇಪ್ಪತ್ತರ ಹುಡುಗ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮುತ್ತಿಕೊಂಡು ಪ್ರಶ್ನಿಸಿದಾಗ ಸ್ಟ್ಯಾನ್ ಲೀ, ಅದು ತಾವು ಊರಲ್ಲಿಲ್ಲದಾಗ ನಡೆದದ್ದು ಎಂಬರ್ಥದ ಮಾತಾಡಿದರು. ಹೊರೆಯೆಲ್ಲ ಕಾನ್ವೇ ಅವರ ತಲೆಗೆ ಬಿತ್ತು.

2016ರ ಮೇ ತಿಂಗಳಲ್ಲಿ ಹೊರಬಂದ ‘ಕ್ಯಾಪ್ಟನ್ ಅಮೆರಿಕ: ಸ್ಟೀವ್ ರಾಜರ್ಸ್’ ಮೊದಲ ಸಂಚಿಕೆಯ ಕೊನೆಯ ಪುಟವನ್ನು ಕಣ್ಣಮುಂದೆ ತಂದುಕೊಳ್ಳಬಹುದು. ತಾನೇ ವಿಮಾನದಿಂದ ಜೊತೆಗಾರನೊಬ್ಬನನ್ನು ಹೊರಗೆ ತಳ್ಳಿದ ಕ್ಯಾಪ್ಟನ್ ಓದುಗನತ್ತ ಮುಖ ಮಾಡಿ ನಿಂತಿದ್ದಾನೆ. ಎದೆಯ ಮೇಲೆ ಅದೇ ನಕ್ಷತ್ರ, ಬಾಯಲ್ಲಿ ಮಾತ್ರ ಶತ್ರುಸಂಘಟನೆ ಹೈಡ್ರಾದ ಜೈಕಾರ. ಒಂದೇ ಪುಟ, ಎರಡೇ ಪದ. ಅಷ್ಟಕ್ಕೆ ಓದುಗರು ಸಂಚಿಕೆಗಳನ್ನು ಸುಟ್ಟರು, ಲೇಖಕ ನಿಕ್ ಸ್ಪೆನ್ಸರ್ ಅವರಿಗೆ ಕೊಲೆ ಬೆದರಿಕೆಗಳು ಬಂದವು.

ಓದುಗರ ನೋವಿಗೆ ಇಲ್ಲಿ ಗಟ್ಟಿ ಕಾರಣವಿತ್ತು ಎಂಬುದನ್ನು ಮೊದಲು ಒಪ್ಪಬೇಕು. ಕ್ಯಾಪ್ಟನ್ ಅಮೆರಿಕನನ್ನು ಸೃಷ್ಟಿಸಿದ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಇಬ್ಬರೂ ಯಹೂದಿ ಮನೆಗಳ ಮಕ್ಕಳು. 1941ರ ಮಾರ್ಚ್ ತಾರೀಖು ಹೊತ್ತ ಮೊದಲ ಸಂಚಿಕೆಯ ಮುಖಪುಟದಲ್ಲಿ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯುವ ಮುನ್ನವೇ, ಅವರ ನಾಯಕ ಹಿಟ್ಲರನ ದವಡೆಗೆ ಗುದ್ದಿದ್ದ. ಅಂಥ ಪಾತ್ರದ ಬಾಯಲ್ಲಿ, ನಾಜಿಗಳ ನೆರಳಿನಂತಿರುವ ಸಂಘಟನೆಯ ಜೈಕಾರ ಹಾಕಿಸಿದ್ದು ತಿಂಗಳ ಮಾರಾಟಕ್ಕಾಗಿ ಆಡಿದ ಸಲ್ಲದ ಆಟ. ಮಾಯಾಘನವೊಂದು ಅವನ ಹಿಂದಿನ ಬದುಕನ್ನೇ ತಿದ್ದಿತ್ತು ಎಂಬ ಸಮಜಾಯಿಷಿ ಮುಂದಿನ ತಿಂಗಳೇ ಬಂತು, ಗಾಯ ಮಾಯಲಿಲ್ಲ. ಕಥೆ 2017ರಲ್ಲಿ ‘ಸೀಕ್ರೆಟ್ ಎಂಪೈರ್’ ಎಂಬ ದೊಡ್ಡ ಸರಣಿಯಾಗಿ ಬೆಳೆದಾಗ, ಕೊನೆಯವರೆಗೆ ಕಾಯಿರಿ ಎಂದು ಸ್ವತಃ ಮಾರ್ವೆಲ್ ಓದುಗರನ್ನು ಕೋರಬೇಕಾಯಿತು. ಹತ್ತಾರು ಸಂಚಿಕೆಗಳಿಗೆ ಹಬ್ಬಿದ ಇಂಥ ಯೋಜನೆ ಒಬ್ಬ ಲೇಖಕ ಮನೆಯಲ್ಲಿ ಕುಳಿತು ಹುಟ್ಟಿಸುವಂಥದ್ದಲ್ಲ. ಆದರೂ ಬೆದರಿಕೆ ಪತ್ರಕ್ಕೆ ಸಿಕ್ಕಿದ್ದು ಒಂದೇ ವಿಳಾಸ. 1941ರಲ್ಲೂ ಬೆದರಿಕೆಗಳು ಬಂದಿದ್ದವು, ಹಿಟ್ಲರನ ಅಮೆರಿಕನ್ ಬೆಂಬಲಿಗರಿಂದ. ನ್ಯೂಯಾರ್ಕ್ ಮೇಯರ್ ಲಾ ಗಾರ್ಡಿಯಾ ಖುದ್ದು ಫೋನ್ ಮಾಡಿ ರಕ್ಷಣೆಯ ಭರವಸೆ ಕೊಟ್ಟದ್ದನ್ನು ಸೈಮನ್ ನೆನಪಿಸಿಕೊಂಡಿದ್ದಾರೆ. ಕ್ಯಾಪ್ಟನ್ನನ ಮೇಲಿನ ಪ್ರೀತಿಯ ಹೆಸರಲ್ಲಿ ಅವನ ಶತ್ರುಗಳ ದಾರಿ ಹಿಡಿಯುವುದು ಆ ಪಾತ್ರಕ್ಕೆ ಮಾಡುವ ಅವಮಾನ.

ಅದೇ ಸ್ಪೆನ್ಸರ್ 2018ರಲ್ಲಿ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಬರೆಯಲು ಬಂದು ಮೊದಲ ಸಂಚಿಕೆಯಲ್ಲೇ ಪೀಟರ್ ಮತ್ತು ಮೇರಿ ಜೇನ್‌ರನ್ನು ಮತ್ತೆ ಒಂದುಗೂಡಿಸಿದಾಗ ಅಭಿಮಾನಿಗಳು ತಲೆಯ ಮೇಲೆ ಹೊತ್ತು ಮೆರೆಸಿದರು. ಎರಡು ವರ್ಷದಲ್ಲಿ ಒಬ್ಬ ಮನುಷ್ಯ ರಾಕ್ಷಸನೂ ಆದ, ದೇವರೂ ಆದ. ಬದಲಾದದ್ದು ಅವನ ಕೈಗೆ ಬಂದ ಕೆಲಸ.

ಅವರ ನಂತರ 2022ರ ಏಪ್ರಿಲ್‌ನಲ್ಲಿ ಝೆಬ್ ವೆಲ್ಸ್ ಬಂದರು. ಆರು ತಿಂಗಳ ಹಿಂದೆ ಏನೋ ಅನಾಹುತವಾಗಿದೆ, ಮೇರಿ ಜೇನ್ ಈಗ ಪಾಲ್ ಎಂಬ ಹೊಸಬನ ಜೊತೆ ಇಬ್ಬರು ಮಕ್ಕಳೊಂದಿಗೆ ಇದ್ದಾಳೆ ಎಂಬಲ್ಲಿಂದ ಕಥೆ ಶುರು. ಏನಾಯಿತೆಂದು ತಿಳಿಯಲು ಓದುಗರು ಒಂದು ವರ್ಷ ಕಾಯಬೇಕಾಯಿತು, ಸಿಕ್ಕ ಉತ್ತರ ಕಾದದ್ದಕ್ಕೆ ತಕ್ಕುದಾಗಿರಲಿಲ್ಲ. ಪಾಲ್ ಎಂಬ ಹೆಸರೇ ಅಭಿಮಾನಿಗಳ ನಡುವೆ ಬೈಗುಳವಾಯಿತು. ಅದಕ್ಕಿಂತ ಗಂಭೀರವಾದ ತಪ್ಪು 2023ರ ಮೇ ಕೊನೆಯ 26ನೇ ಸಂಚಿಕೆಯದು. ಅದರಲ್ಲಿ ಕಮಲಾ ಖಾನ್ ಸತ್ತಳು. ಮಿಸ್ ಮಾರ್ವೆಲ್ ಎಂದು ಹೆಸರಾದ ಈ ಪಾಕಿಸ್ತಾನಿ ಮೂಲದ ಮುಸ್ಲಿಂ ಹುಡುಗಿಯನ್ನು 2013ರಲ್ಲಿ ಸನಾ ಅಮಾನತ್, ಜಿ. ವಿಲ್ಲೋ ವಿಲ್ಸನ್, ಏಡ್ರಿಯನ್ ಅಲ್ಫೋನಾ ಮತ್ತಿತರರು ರೂಪಿಸಿದ್ದರು. ಸೂಪರ್‌ಹೀರೊ ಪುಟಗಳಲ್ಲಿ ಮೊದಲ ಬಾರಿಗೆ ತಮ್ಮ ಮನೆಯ ಊಟ, ತಮ್ಮ ಅಮ್ಮನ ಗದರಿಕೆ ಕಂಡ ದಕ್ಷಿಣ ಏಷ್ಯಾ ಮೂಲದ ಮಕ್ಕಳಿಗೆ ಅವಳು ಬರೀ ಪಾತ್ರವಾಗಿರಲಿಲ್ಲ. ಅವಳನ್ನು ಅವಳದಲ್ಲದ ಪುಸ್ತಕದಲ್ಲಿ, ಅವಳಿಗೆ ಹೆಚ್ಚು ಜಾಗವೇ ಇರದಿದ್ದ ಕಥೆಯಲ್ಲಿ ಕೊಂದರು. ಎರಡೇ ತಿಂಗಳಲ್ಲಿ ಎಕ್ಸ್‌ಮೆನ್ ಸಂಚಿಕೆಯೊಂದರಲ್ಲಿ ಬದುಕಿಸಿ, ಮ್ಯುಟಂಟ್, ಅಂದರೆ ಹುಟ್ಟಿನಿಂದಲೇ ಅತಿಮಾನುಷ ಶಕ್ತಿಯುಳ್ಳವಳು, ಎಂದು ಘೋಷಿಸಿದರು. ಟಿವಿ ಸರಣಿ ಹಿಂದಿನ ವರ್ಷವೇ ಅವಳನ್ನು ಮ್ಯುಟಂಟ್ ಎಂದಿತ್ತು, ನವೆಂಬರ್‌ನಲ್ಲಿ ಅವಳಿರುವ ‘ದಿ ಮಾರ್ವೆಲ್ಸ್’ ಸಿನಿಮಾ ಬರುವುದಿತ್ತು. ಸಾವಿನ ಅಗತ್ಯ ಕಥೆಗಿತ್ತೋ ವೇಳಾಪಟ್ಟಿಗಿತ್ತೋ ಎಂದು ಓದುಗರು ಕೇಳಿದ್ದು ಅತ್ಯಂತ ನ್ಯಾಯವಾದ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ವೆಲ್ಸ್ ಒಬ್ಬರೇ ಅಲ್ಲ.

ಲೇಖಕ ಸಂಬಳ ತಗೊಂಡು ಸಹಿ ಹಾಕಿದ್ದಾನೆ, ಬೈಸಿಕೊಳ್ಳಲಿ ಎಂಬ ವಾದವುಂಟು. ಇದರಲ್ಲಿ ಅರ್ಧ ನಿಜವಿದೆ. ಸಂಭಾಷಣೆ ಸಪ್ಪೆಯಾದರೆ, ಕಥೆ ಕುಂಟಿದರೆ ಅದು ಲೇಖಕನ ಹೊಣೆ, ವಿಮರ್ಶೆ ಅಲ್ಲಿ ಎಷ್ಟೇ ಕಟುವಾಗಿದ್ದರೂ ಸಲ್ಲುತ್ತದೆ. ಪಾತ್ರದ ಹಣೆಬರಹದ ಹೊಣೆ ಬೇರೆ. ಬ್ಯಾಟ್‌ಮ್ಯಾನ್ ಲೇಖಕ ಜಿಮ್ ಸ್ಟಾರ್ಲಿನ್ ಅವರಿಗಾದದ್ದು ಇದನ್ನು ಸ್ಪಷ್ಟ ತೋರಿಸುತ್ತದೆ. 1988ರಲ್ಲಿ ಬ್ಯಾಟ್‌ಮ್ಯಾನ್‌ನ ಎರಡನೇ ರಾಬಿನ್ ಜೇಸನ್ ಟಾಡ್ ಸಾಯಬೇಕೋ ಉಳಿಯಬೇಕೋ ಎಂದು ಡಿಸಿ ಸಂಸ್ಥೆ ಓದುಗರನ್ನೇ ಕೇಳಿತು. ಸಂಚಿಕೆಯಲ್ಲಿ ಎರಡು ಫೋನ್ ನಂಬರು ಅಚ್ಚಾದವು, ಕರೆಗೆ 50 ಸೆಂಟ್. ಒಂದೂವರೆ ದಿನದಲ್ಲಿ ಸಾಯಲಿ ಎಂದವರು 5,343, ಉಳಿಯಲಿ ಎಂದವರು 5,271. ಕೇವಲ 72 ಕರೆಗಳ ಅಂತರದಲ್ಲಿ ಹುಡುಗ ಸತ್ತ. ಫೋನ್ ಮಾಡಿಸಿದ್ದು ಕಂಪನಿ, ಫೋನ್ ಮಾಡಿದ್ದು ಓದುಗರು. ರಾಬಿನ್ ಚಿತ್ರದ ಸರಕು ಮಾರುವ ವಿಭಾಗ ಸಿಡಿದೆದ್ದ ಮೇಲೆ ಕೆಲವೇ ತಿಂಗಳಲ್ಲಿ ಡಿಸಿಯಲ್ಲಿ ಕೆಲಸ ಬತ್ತಿಹೋದದ್ದು ಕಥೆ ಬರೆದ ತಮಗೆ ಎಂದು ಸ್ಟಾರ್ಲಿನ್ ಹೇಳಿದ್ದಾರೆ.

ಕಂಪನಿಗೆ ಕೇಳುವ ಭಾಷೆ ಬೇರೆ ಇದೆ. ಅಮೆರಿಕದಲ್ಲಿ ಬಿಡಿ ಸಂಚಿಕೆಗಳು ಹೆಚ್ಚಾಗಿ ಕಾಮಿಕ್ಸ್ ಅಂಗಡಿಗಳಲ್ಲೇ ಮಾರಾಟವಾಗುತ್ತವೆ. ಅಂಗಡಿಯವರು ವಾರಗಳ ಮೊದಲೇ ಆರ್ಡರ್ ಹಾಕಬೇಕು, ಉಳಿದ ಪ್ರತಿಗಳನ್ನು ಸಾಮಾನ್ಯವಾಗಿ ವಾಪಸು ಕೊಡುವಂತಿಲ್ಲ. ಗಿರಾಕಿ ತನ್ನ ಹೆಸರಲ್ಲಿ ಎತ್ತಿಡಲು ಹೇಳಿರುವ ಸರಣಿಗಳ ಪಟ್ಟಿಯೇ ಆ ಆರ್ಡರಿಗೆ ಆಧಾರ. ಸರಣಿಯನ್ನು ಬೈಯುತ್ತ, ಲೇಖಕನನ್ನು ಶಪಿಸುತ್ತ, ಸಂಗ್ರಹ ಮುರಿಯಬಾರದೆಂದು ಪ್ರತಿ ಬುಧವಾರ ಹೋಗಿ ಹಣ ಕೊಡುವ ಅಭಿಮಾನಿ ಕಂಪನಿಯ ಲೆಕ್ಕದಲ್ಲಿ ತೃಪ್ತ ಗಿರಾಕಿ. ಪಟ್ಟಿಯಿಂದ ಒಂದು ಹೆಸರು ಹೊಡೆದುಹಾಕಿದರೆ ಅದು ಸಾವಿರ ಬೈಗುಳಕ್ಕಿಂತ ಬೇಗ ಮೇಲಿನವರಿಗೆ ಮುಟ್ಟುತ್ತದೆ. ಮೆಚ್ಚಿದ್ದನ್ನು ಕೊಂಡರೂ ಮುಟ್ಟುತ್ತದೆ. 2024ರ ಜನವರಿಯಲ್ಲಿ ಜೊನಾಥನ್ ಹಿಕ್‌ಮನ್ ಮತ್ತು ಮಾರ್ಕೊ ಕೆಕೆಟ್ಟೊ ಅವರ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಶುರುವಾಯಿತು. ಬೇರೊಂದು ಲೋಕದ ಆ ಪೀಟರ್‌ಗೆ ಮೇರಿ ಜೇನ್ ಹೆಂಡತಿ, ಇಬ್ಬರು ಮಕ್ಕಳು. ಮೊದಲ ಸಂಚಿಕೆ ಮರುಮುದ್ರಣದ ಮೇಲೆ ಮರುಮುದ್ರಣ ಕಂಡಿತು. ಮದುವೆಯಾದರೆ ಸ್ಪೈಡರ್‌ಮ್ಯಾನ್‌ಗೆ ವಯಸ್ಸಾಗುತ್ತದೆ ಎಂಬ ಹದಿನಾರು ವರ್ಷದ ವಾದಕ್ಕೆ ಇದಕ್ಕಿಂತ ಬಲವಾದ ಉತ್ತರ ಯಾವ ಬೆದರಿಕೆ ಪತ್ರವೂ ಕೊಟ್ಟಿರಲಿಲ್ಲ.

ಅಭಿಪ್ರಾಯದ ಹೆಸರಲ್ಲಿ ನಡೆಯುವ ಕಿರುಕುಳವನ್ನು ಅಭಿಪ್ರಾಯವೆಂದು ಲೆಕ್ಕಿಸಲೇಬಾರದು. 2017ರ ಜುಲೈನಲ್ಲಿ ಮಾರ್ವೆಲ್‌ನ ಮೊದಲ ದಿನಗಳ ಕಾರ್ಯದರ್ಶಿ ಫ್ಲೋ ಸ್ಟೈನ್‌ಬರ್ಗ್ ತೀರಿಕೊಂಡಾಗ, ಅಲ್ಲಿನ ಕೆಲವು ಮಹಿಳಾ ಸಿಬ್ಬಂದಿ ಅವರ ನೆನಪಿಗೆ ಮಿಲ್ಕ್‌ಶೇಕ್ ಕುಡಿಯುತ್ತ ಫೋಟೊ ತೆಗೆಸಿಕೊಂಡರು. ಕಾಮಿಕ್ಸ್ ಹಾಳಾದದ್ದು ಇವರಿಂದಲೇ ಎಂದು ಹೊಲಸು ಮಾತುಗಳ ಮಳೆ ಸುರಿಯಿತು. ಅದರ ಹಿಂದಿನ ವರ್ಷ ‘ಮಾಕಿಂಗ್‌ಬರ್ಡ್’ ಲೇಖಕಿ ಚೆಲ್ಸಿ ಕೇನ್ ಒಂದು ಸ್ತ್ರೀವಾದಿ ಮುಖಪುಟದ ಕಾರಣಕ್ಕೆ ಟ್ವಿಟರ್ ಬಿಟ್ಟು ಹೋಗಬೇಕಾಯಿತು. ಸತ್ತ ಹಿರಿಯಳನ್ನು ನೆನೆದ ಹೆಣ್ಣುಮಕ್ಕಳಿಗೆ ಬೈದವರು ಯಾವ ಕಥೆಯನ್ನೂ ಉಳಿಸಲಿಲ್ಲ.

ಕಾಮಿಕ್ಸ್ ಪ್ರೇಮಿಗಳ ದನಿ ಒಳ್ಳೆಯ ಕೆಲಸಕ್ಕೆ ಒದಗಿದ ಉದಾಹರಣೆಗಳಿವೆ, ಇಂದಿನ ಅಭಿಮಾನಿಗಳು ಅವನ್ನು ಮರೆತಿರುವುದೇ ದುಃಖ. ಸೂಪರ್‌ಮ್ಯಾನ್‌ನ ಹಕ್ಕನ್ನು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ 130 ಡಾಲರಿಗೆ ಬರೆದುಕೊಟ್ಟಿದ್ದರು. 1975ರಲ್ಲಿ ಆ ಪಾತ್ರದ ಮೇಲೆ ಭಾರಿ ಸಿನಿಮಾ ತಯಾರಾಗುತ್ತಿದ್ದಾಗ ಸೀಗಲ್ ಗುಮಾಸ್ತರಾಗಿ ಬೆರಳಚ್ಚು ಮಾಡುತ್ತಿದ್ದರು, ಶುಸ್ಟರ್ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಚಿತ್ರಕಾರರಾದ ನೀಲ್ ಆಡಮ್ಸ್ ಮತ್ತು ಜೆರ್ರಿ ರಾಬಿನ್ಸನ್ ಪತ್ರಿಕೆ, ಟಿವಿ ಎಲ್ಲ ಸುತ್ತಿ ಗಲಾಟೆ ಎಬ್ಬಿಸಿದ ಮೇಲೆ ವಾರ್ನರ್ ಮಣಿಯಿತು: ತಲಾ ವರ್ಷಕ್ಕೆ 20,000 ಡಾಲರ್ ಪಿಂಚಣಿ, ಜೊತೆಗೆ ಸೃಷ್ಟಿಕರ್ತರೆಂದು ಹೆಸರು. ಸಾವಿರಾರು ಪುಟ ಬರೆದ ಕರ್ಬಿ ತಮ್ಮ ಮೂಲ ಚಿತ್ರಗಳನ್ನು ಮರಳಿ ಕೇಳಿದಾಗ ಮಾರ್ವೆಲ್ ಬೇರೆ ಯಾರಿಗೂ ಹಾಕದ ಷರತ್ತು ಹಾಕಿತ್ತು. ಸಹೋದ್ಯೋಗಿಗಳೂ ಓದುಗರೂ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 1987ರಲ್ಲಿ ಒಂದಷ್ಟು ಪುಟಗಳು ಮನೆಗೆ ಬಂದವು, ಬಹುಪಾಲು ಬರಲೇ ಇಲ್ಲ.

ಈಗಿನ ಸ್ಥಿತಿಯೂ ತೀರ ಬೇರೆಯಲ್ಲ. ಕ್ಯಾಪ್ಟನ್ ಅಮೆರಿಕನ ಹಳೆಯ ಜೊತೆಗಾರ ಬಕಿ ಬಾರ್ನ್ಸ್‌ನನ್ನು ‘ವಿಂಟರ್ ಸೋಲ್ಜರ್’ ಆಗಿ ಮರುಹುಟ್ಟಿಸಿದ ಲೇಖಕ ಎಡ್ ಬ್ರೂಬೇಕರ್, ಆ ಹೆಸರಿನ ಸಿನಿಮಾದಲ್ಲಿ ಕ್ಷಣಮಾತ್ರ ಮುಖ ತೋರಿಸಿದ್ದಕ್ಕೆ ನಟರ ಸಂಘದ ನಿಯಮದಂತೆ ಬಂದ ಹಣ, ಪಾತ್ರ ರೂಪಿಸಿದ್ದಕ್ಕೆ ಮಾರ್ವೆಲ್‌ನಿಂದ ಬಂದದ್ದಕ್ಕಿಂತ ಹೆಚ್ಚು ಎಂದು ಹೇಳಿದ್ದಾರೆ. ಮೇರಿ ಜೇನ್‌ಗಾಗಿ ವರ್ಷಗಟ್ಟಲೆ ಜಗಳವಾಡಿದ ಓದುಗ ಸಮುದಾಯ ಲೇಖಕರ ಪಾಲಿಗಾಗಿ ಅದರ ಕಾಲು ಭಾಗ ಜಗಳವಾಡಿದ್ದರೂ ಲೆಕ್ಕ ಬೇರೆಯಾಗುತ್ತಿತ್ತು.

ಹಾಗೆ ಜಗಳವಾಡಿ ಗೆದ್ದದ್ದೂ ಉಂಟು. ಬಿಲ್ ಫಿಂಗರ್ ಬ್ಯಾಟ್‌ಮ್ಯಾನ್‌ನ ಗವಸು, ಮುಸುಕು, ಗಾಥಮ್ ನಗರದ ಹೆಸರು, ಮೊದಲ ಕಥೆ ಇವನ್ನೆಲ್ಲ ಕೊಟ್ಟವರು. ಆದರೆ 1939ರಿಂದ ಸೃಷ್ಟಿಕರ್ತನೆಂದು ಅಚ್ಚಾದದ್ದು ಚಿತ್ರಕಾರ ಬಾಬ್ ಕೇನ್ ಒಬ್ಬರ ಹೆಸರು. ಫಿಂಗರ್ 1974ರಲ್ಲಿ ಬಡತನದಲ್ಲೇ ಸತ್ತರು. ಮಾರ್ಕ್ ಟೈಲರ್ ನೊಬಲ್‌ಮನ್ ಎಂಬ ಲೇಖಕ ವರ್ಷಗಳ ಕಾಲ ದಾಖಲೆ ಹುಡುಕಿ, ಫಿಂಗರ್ ಅವರ ಮೊಮ್ಮಗಳನ್ನು ಪತ್ತೆಹಚ್ಚಿ, 2012ರಲ್ಲಿ ಪುಸ್ತಕ ತಂದರು. ಅಭಿಮಾನಿಗಳು ಕೇಳುತ್ತಲೇ ಹೋದರು. 2015ರ ಸೆಪ್ಟೆಂಬರ್‌ನಲ್ಲಿ ಡಿಸಿ ಒಪ್ಪಿತು, ಮರುವರ್ಷ ಬಂದ ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ ಸಿನಿಮಾದ ಹೆಸರುಪಟ್ಟಿಯಲ್ಲಿ, ಬಾಬ್ ಕೇನ್ ಪಕ್ಕದಲ್ಲಿ, ಬಿಲ್ ಫಿಂಗರ್ ಹೆಸರು ಕಾಣಿಸಿತು.